ಹಕ್ಕಿ ಎದ್ದುಹೋದ ಕೊಂಬೆ

"ಅಜ್ಜಯ್ಯ, ಊರ ಮಕ್ಕಳ ಕೈ ತಿದ್ದೋದ್ರಲ್ಲೇ ನನ್ನ ಆಯಸ್ಸು ಮುಗೀತಾ ಬಂತು. ನನ್ನದು ಅಂತ ಒಂದು ಗೆರೆಯಾದ್ರೂ ಉಳೀತಾ?" ಅಂತ ಹಾಲೇಶ ಕೇಳಿದ.

ಹಾಲೇಶ ಡ್ರಾಯಿಂಗ್ ಮೇಷ್ಟ್ರು. ಸ್ಕೂಲು ಬಿಟ್ಟಮೇಲೆ ಮನೆ ಪಡಸಾಲೆಯಲ್ಲಿ ಮಕ್ಕಳನ್ನ ಕೂರಿಸಿಕೊಂಡು ಚಿತ್ರ ಹೇಳಿಕೊಡ್ತಿದ್ದ. ಬರೋ ಸೋಮವಾರದಿಂದ ಆ ಕ್ಲಾಸು ಮುಚ್ಚಿಬಿಡಬೇಕು, ಇನ್ನಾದ್ರೂ ತನ್ನ ಚಿತ್ರ ತಾನು ಬರೀಬೇಕು ಅಂತ ತೀರ್ಮಾನ ಮಾಡ್ಕೊಂಡೇ ಗುಡ್ಡ ಹತ್ತಿ, ಕತೆ ಕಟ್ಟೋದ್ರಲ್ಲಿ ಹೆಸರಾದ ಅಜ್ಜಯ್ಯನ ಜಗಲಿಗೆ ಬಂದಿದ್ದ.

ಅಜ್ಜಯ್ಯ ಎಲೆಗೆ ಸುಣ್ಣ ಹಚ್ತಾ, "ಒಂದು ಕತೆ ಹೇಳ್ತೀನಿ. ಈ ಸಲ ಒಂದಕ್ಷರ ಸುಳ್ಳಿಲ್ಲ. ಬೇಕಾದ್ರೆ ಈ ಕಂಬ ಮುಟ್ಟಿ ಹೇಳ್ತೀನಿ" ಅಂದ್ರು.

"ಹೋದ ಸಲಾನೂ ಕಂಬ ಮುಟ್ಟಿದ್ರಿ."

"ಅದು ಆ ಕಡೆ ಕಂಬ. ಸುಮ್ನೆ ಕೇಳು."

ಜಪಾನಿನಲ್ಲಿ ಒಬ್ಬ ಚಿತ್ರಗಾರ ಇದ್ದ. ಹರೆಯದಲ್ಲಿ ಅವನ ಕೈ ಅಂದ್ರೆ ಕೈ. ಅವನು ಹಿಮ ಬರೆದ್ರೆ ನೋಡೋಕೆ ಬಂದೋರು ಕಂಬಳಿ ಹೊದ್ದುಕೊಳ್ತಿದ್ರು. ಆದ್ರೆ ಆ ಮಹಾರಾಯ ಬಿಳಿ ಬಣ್ಣ ಮುಟ್ತಾನೇ ಇರಲಿಲ್ಲ. ಸುತ್ತ ಮಸಿ ಓಡಿಸಿ, ಹಿಮ ಇರಬೇಕಾದ ಕಡೆ ರೇಷ್ಮೆ ಬಟ್ಟೆಯನ್ನ ಖಾಲಿ ಬಿಟ್ಟುಬಿಡ್ತಿದ್ದ. ಇನ್ನೊಂದು ಗುರುತಿತ್ತು. ಪೈನ್ ಮರದ ಕೊಂಬೆ ಬರೆದು, ಕೊನೆಯಲ್ಲಿ ಕುಂಚವನ್ನ ಒಂದು ಚೂರು ಒತ್ತಿ ಚಕ್ಕನೆ ಎತ್ತಿಬಿಡ್ತಿದ್ದ. ಚಿತ್ರದಲ್ಲಿ ಹಕ್ಕಿ ಇರ್ತಿರಲಿಲ್ಲ. ಆದ್ರೆ ಹಕ್ಕಿ ಈಗ ತಾನೇ ಎದ್ದುಹೋಗಿದೆ, ಕೊಂಬೆ ಇನ್ನೂ ತೂಗ್ತಾ ಇದೆ ಅನ್ನಿಸ್ತಿತ್ತು. ಹಾಗೆ ಕುಂಚ ಎತ್ತೋದು ಇನ್ಯಾರ ಕೈಗೂ ಬರ್ತಿರಲಿಲ್ಲ.

ಉತ್ತರದಲ್ಲೊಂದು ಚಳಿ ಊರು. ಅಲ್ಲಿಯ ಹೆಣ್ಣುಮಕ್ಕಳ ಸ್ಕೂಲಿಗೆ ಚಿತ್ರದ ಮೇಷ್ಟ್ರು ಬೇಕಾಗಿತ್ತು. ಒಂದು ಚಳಿಗಾಲ ಕಳೆದು ಬರ್ತೀನಿ ಅಂತ ಹೋದ. ಹೋದೋನು ಅಲ್ಲೇ ಮುದುಕನಾದ.

ಆ ದೇಶದಲ್ಲಿ ಚಿತ್ರ ಕಲಿಸೋ ಪದ್ಧತಿ ಬೇರೆ. ಮೇಷ್ಟ್ರು ಮೊದಲು ಒಂದು ಮಾದರಿ ಬರೆದುಕೊಡ್ತಾನೆ. ಮಕ್ಕಳು ಅದನ್ನ ಮುಂದಿಟ್ಟುಕೊಂಡು, ಅದೇ ಗೆರೆ ಕೈಗೆ ಹತ್ತೋವರೆಗೂ ಬರೀತಾರೆ. ಉಳಿದ ಮೇಷ್ಟ್ರುಗಳು ಒಂದೇ ಮಾದರಿ ಇಟ್ಟುಕೊಂಡು ಕಾಲ ತಳ್ತಿದ್ರು. ಇವನಿಗೆ ಅದು ಆಗ್ತಿರಲಿಲ್ಲ. ಒಬ್ಬೊಬ್ಬಳ ಕೈ ನೋಡಿ ಒಂದೊಂದು ಮಾದರಿ ಹೊಸದಾಗಿ ಬರೀತಿದ್ದ. ಕೈ ನಡುಗೋ ಹುಡುಗಿಗೆ ಗಾಳಿಗೆ ಸಿಕ್ಕಿದ ಕೊಂಬೆ. ಒತ್ತಿ ಬರೆಯೋಳಿಗೆ ಹಿಮದ ಭಾರಕ್ಕೆ ಬಗ್ಗಿದ ಕೊಂಬೆ. ಮಾದರಿ ಅವರ ಜೊತೆಗೇ ಮನೆಗೆ ಹೋಗ್ತಿತ್ತು. ಆಮೇಲೆ ಅವರು ಮದುವೆಯಾಗಿ ಯಾವ್ಯಾವುದೋ ಊರಿಗೆ ಹೋಗ್ತಿದ್ರು. ಇವನ ಪೆಟ್ಟಿಗೆಯಲ್ಲಿ ಒಂದು ಸುರುಳಿ ಒಳ್ಳೆ ರೇಷ್ಮೆ ಇತ್ತು. ಬಿಡುವಾದಾಗ ಬರೀತೀನಿ ಅಂತ ಇಟ್ಟಿದ್ದ. ಇಟ್ಟಲ್ಲೇ ಇತ್ತು.

ಒಂದು ಸಲ ಹಳೇ ಗೆಳೆಯ ಒಬ್ಬ ಹುಡುಕಿಕೊಂಡು ಬಂದ. ಇಬ್ಬರೂ ಒಂದೇ ಕಲ್ಲಿನ ಮೇಲೆ ಮಸಿ ತೇದು ಚಿತ್ರ ಕಲಿತೋರು. ಗೆಳೆಯ ಈಗ ರಾಜಧಾನಿಯಲ್ಲಿ ದೊಡ್ಡ ಮನುಷ್ಯ.

"ನಮ್ಮಲ್ಲೆಲ್ಲ ನಿನ್ನ ಕೈಯೇ ಮೇಲಿತ್ತು ಕಣಯ್ಯ. ಇಲ್ಲಿ ಕೂತು ಕೂತು ನಿನ್ನ ಹೆಸರು ನಿನಗೇ ಮರೆತುಹೋದೀತು! ಬೇಸಿಗೆಗೆ ದೊಡ್ಡ ಪ್ರದರ್ಶನ ಇದೆ, ಒಂದೇ ಒಂದು ಚಿತ್ರ ಕೊಡು" ಅಂದ.

ಮಾತು ನಾಟಿತು. ಮೇಷ್ಟ್ರು ಸ್ಕೂಲಿಗೆ ರಜೆ ಹೇಳಿ ತನ್ನ ಕ್ಲಾಸಿನ ಬಾಗಿಲು ಹಾಕ್ಕೊಂಡ. ಹುಡುಗಿಯರು ಬಂದು ಹೊರಗೆ ನಿಂತ್ಕೊಳ್ತಿದ್ರು. ಅವರ ಚಪ್ಪಲಿ ಸದ್ದು ಕೇಳಿದ್ರೂ ತೆಗೀಲಿಲ್ಲ. ಮಡಕೆಯಲ್ಲಿ ಅಂಟು ಕಾಯಿಸಿದ, ಪೆಟ್ಟಿಗೆಯ ರೇಷ್ಮೆಗೆ ಅದನ್ನ ಬಳಿದು ಚೌಕಟ್ಟಿಗೆ ಬಿಗಿದ, ಮಸಿ ತೇದ. ಇಡೀ ಚಳಿಗಾಲ ಕೂತು ಒಂದು ಕೊಂಬೆ ಬರೆದ. ಕೊನೇಲಿ ಕುಂಚ ಎತ್ತಿದಾಗ ಹೊರಗಡೆ ಮರದ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿಹೋದ್ವು. ಸರಿ, ಎಲ್ಲ ಅಲ್ಲ. ಒಂದಂತೂ ಹಾರಿತು.

ಚಿತ್ರ ಹೆಗಲ ಮೇಲೆ ಹೊತ್ಕೊಂಡು ರಾಜಧಾನಿಯ ರೈಲು ಹತ್ತಿದ.

ಆ ದೇಶದಲ್ಲಿ ಒಳಗೋಡೆ ಎಲ್ಲ ಕಾಗದದ್ದು. ಗುಟ್ಟು ಅನ್ನೋದು ನಿಲ್ಲಲ್ಲ. ಪ್ರದರ್ಶನಕ್ಕೆ ಚಿತ್ರ ಆರಿಸೋ ಪಂಡಿತರು ಆ ಕೋಣೆಯಲ್ಲಿ, ಮೇಷ್ಟ್ರು, ಗೆಳೆಯ ಇಬ್ಬರೂ ಈ ಕೋಣೆಯಲ್ಲಿ.

ಒಬ್ಬ ಪಂಡಿತ ಅಂದ: "ಕೈ ಏನೋ ಚೆನ್ನಾಗಿದೆ. ಆದ್ರೆ ಸ್ವಂತದ್ದಲ್ಲ. ಈ ಕೊಂಬೆ ಉತ್ತರದ ಕಡೆ ಮನೆಮನೆಯಲ್ಲೂ ಇದೆ. ಬೀಸಣಿಗೆ ಮೇಲೆ ನೋಡಿದ್ದೀನಿ, ಛತ್ರದ ಬಾಗಿಲ ಮೇಲೆ ನೋಡಿದ್ದೀನಿ. ಯಾವನೋ ಹಳ್ಳಿ ಮೇಷ್ಟ್ರು ಅಲ್ಲಿಯ ಹೆಂಗಸರನ್ನ ನೋಡಿ ನಕಲು ಹೊಡೆದಿದ್ದಾನೆ."

ಉಳಿದೋರು ಹೂಂಗುಟ್ಟಿದ್ರು. ಚಿತ್ರ ವಾಪಸ್ಸು ಬಂತು.

ಗೆಳೆಯನ ಮುಖ ಕೆಂಪಾಯ್ತು. "ತಡಿ, ಒಳಗೆ ಹೋಗಿ ಹೇಳ್ತೀನಿ. ಆ ಹೆಂಗಸರೆಲ್ಲ ಕಲಿತದ್ದು ಯಾರ ಹತ್ರ ಅಂತ ಈ ದಡ್ಡರಿಗೆ ಗೊತ್ತಾಗ್ಲಿ" ಅಂತ ಎದ್ದ.

ಮೇಷ್ಟ್ರು ಅವನ ತೋಳು ಹಿಡಿದ. "ಅದೆಲ್ಲ ಬೇಡ. ಯಾವ್ಯಾವ ಊರಲ್ಲಿ ನೋಡಿದ್ರಂತೆ, ಅದೊಂದು ಕೇಳ್ಕೊಂಡು ಬಾ" ಅಂದ.

ವಾಪಸ್ಸು ಹೋಗುವಾಗ ರೈಲಲ್ಲಿ ಹೋಗಲಿಲ್ಲ. ಆ ಊರುಗಳನ್ನ ಹಿಡಿದು ನಡಕೊಂಡೇ ಹೋದ. ಛತ್ರದ ಬಾಗಿಲ ಮೇಲೆ ತನ್ನ ಕೊಂಬೆ ಕಂಡ. ಸೋಯಾ ಸಾಸ್ ಮಾರೋ ಅಂಗಡಿಯ ಪರದೆ ಮೇಲೆ ಕಂಡ. ಯಾರಿಗೂ ತಾನು ಇಂಥೋನು ಅಂತ ಹೇಳಲಿಲ್ಲ. ಒಂದು ಊರಲ್ಲಿ, ಮೀನು ಒಣಗಿಸೋರ ಮನೆಯಲ್ಲಿ, ಗೋಡೆ ಮೇಲಿದ್ದ, ಗಾಳಿಗೆ ಸಿಕ್ಕಿದ ಕೊಂಬೆ ಅವನು ಬರೆದದ್ದಕ್ಕಿಂತ ಚೆನ್ನಾಗಿತ್ತು. ಬರೆದೋಳು ಯಾರು ಅಂತ ನೆನಪು ಮಾಡ್ಕೊಂಡ. ಕೈ ನಡುಗ್ತಿದ್ದ ಹುಡುಗಿ. ಅವತ್ತು ಮುಂದಕ್ಕೆ ಹೋಗದೆ ಆ ಊರಲ್ಲೇ ಉಳಿದ. ಆಮೇಲೆ ತನ್ನ ಚಳಿ ಊರು ಸೇರಿ ಕ್ಲಾಸಿನ ಬಾಗಿಲು ತೆಗೆದ.

ಅಜ್ಜಯ್ಯ ಕತೆ ನಿಲ್ಲಿಸಿ ಎಲೆ ಬಾಯಿಗಿಟ್ಕೊಂಡ್ರು. ಹಾಲೇಶ ಕಂಬದ ಕಡೆ ಒಂದು ಸಲ ನೋಡಿದ.

"ನಂಬಿಕೆ ಬರ್ಲಿಲ್ವಾ? ಅವನು ಕೊನೆಗಾಲದಲ್ಲಿ ಬರೆದ ಚಿತ್ರ ಒಂದು ನನ್ನ ಹತ್ರಾನೇ ಇದೆ. ಹಡಗಲ್ಲಿ ಬಂತು" ಅಂತ ಅಜ್ಜಯ್ಯ ಗೂಡಿಗೆ ಕೈಹಾಕಿ ಒಂದು ಸುರುಳಿ ತೆಗೆದು ಬಿಚ್ಚಿದ್ರು.

ಕೆರೆ ನೀರಲ್ಲಿ ಮುಳುಗಿ ಮಲಗಿದ ಒಂದು ಎಮ್ಮೆ. ಬೆನ್ನು, ಕೊಂಬು, ಅಷ್ಟೇ.

ಹಾಲೇಶ ನೋಡಿದ. ಬಗ್ಗಿ ಇನ್ನೊಂದು ಸಲ ನೋಡಿದ. ನಗು ತಡೆಯೋಕಾಗಲಿಲ್ಲ.

"ಸಿಕ್ಕಿಬಿದ್ರಿ ಅಜ್ಜಯ್ಯ! ಜಪಾನಿನೋನು ನಮ್ಮೂರ ಕೆರೆ ಎಮ್ಮೆ ಬರೆದ್ನಾ? ಇದು ನನ್ನದು. ಬೆನ್ನಿಂದ ಕೊಂಬಿನವರೆಗೂ ಕುಂಚ ಎತ್ತದೆ ಹೋಗೋ ಈ ಗೆರೆ ನನ್ನ ಕೈಯದಲ್ದೆ ಇನ್ಯಾರದ್ದು? ಯಾವಾಗ ಎತ್ತಿಟ್ಕೊಂಡ್ರಿ?"

ಅಜ್ಜಯ್ಯ ನಿಧಾನಕ್ಕೆ ಚಿತ್ರ ಸುತ್ತುತ್ತಾ ಅಂದ್ರು: "ನಿನ್ನ ಕ್ಲಾಸಿಗೆ ಬರ್ತಾಳಲ್ಲ, ಗಿರಣಿಯವರ ಹುಡುಗಿ, ಹೋದ ವಾರ ಇಲ್ಲೇ ಕೂತು ಅವಳು ಬರೆದದ್ದು ಕಣೋ."