ಪಾದಪೂಜೆಯ ದಿನ ನೀಲವ್ವ ಒದ್ದದ್ದು

ಮಲಪ್ರಭೆಯ ದಂಡೆಯ ಆ ಮಠಕ್ಕೆ ಗೋಪುರವಿರಲಿಲ್ಲ, ಗದ್ದುಗೆಗೆ ಬೆಳ್ಳಿಯ ಹೊದಿಕೆಯೂ ಇರಲಿಲ್ಲ. ಪೂಜ್ಯ ಸಂಗಯ್ಯಜ್ಜನವರು ಪಡಸಾಲೆಯಲ್ಲಿ ಜಮಖಾನೆ ಹಾಸಿ ನೆಲದ ಮೇಲೆಯೇ ಕೂಡುತ್ತಿದ್ದರು. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದ ಕೂಸುಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಎಳ್ಳೆಣ್ಣೆ ಸವರಿ, ತಾಸುಗಟ್ಟಲೆ ಮೆಲ್ಲಗೆ ಆಡಿಸುವುದೇ ಅವರ ನಿತ್ಯಪೂಜೆ. ನಾವು ಭಕ್ತರೋ, ಅವರ ಪಾದ ಹಿಡಿಯಲು ನೂಕಾಡುವವರು. ಆ ಕೈಗಳು ಏನು ಮಾಡುತ್ತಿವೆ ಎಂದು ನೋಡುವ ವ್ಯವಧಾನ ನಮಗೆಲ್ಲಿತ್ತು!

ಶ್ರಾವಣದ ಕಡೆಯ ಸೋಮವಾರ ಪಾದಪೂಜೆಗೆ ನಾವು ಸೇರಿದ್ದಾಗ, ಹೈಸ್ಕೂಲಿನ ಡ್ರಿಲ್ ಮಾಸ್ತರ ಈರಬಸಪ್ಪನವರು ಮೂರು ವರ್ಷದ ಮಗಳು ನೀಲವ್ವನನ್ನು ಎತ್ತಿಕೊಂಡು ಬಂದರು. ಅದುವರೆಗೆ ಮಠದ ಮೆಟ್ಟಿಲು ಹತ್ತಿದವರೇ ಅಲ್ಲ ಅವರು.

"ಅಜ್ಜಾರ, ದಿನಾ ಮುಂಜಾನೆ ಒಂದು, ಎರಡು ಅಂತ ಎಣಿಸಿ ಕಾಲು ಎಳದು ನೆಟ್ಟಗ ಮಾಡೇನ್ರಿ. ಎರಡು ವರ್ಷಾತು. ಎಳದಷ್ಟೂ ಸೆಟೀತಾವ. ಇನ್ನ ನನ್ನ ಕೈಲಾಗೂದಿಲ್ಲ. ಈಕೀನ್ನ ಮಠಕ್ಕ ಬಿಟ್ಟು ಹೋಗ್ತೀನ್ರಿ."

ಅವರ ದನಿಯಲ್ಲಿ ಅಳುವಿರಲಿಲ್ಲ. ಅದನ್ನು ಕೇಳಿಯೇ ನಮಗೆ ಕಸಿವಿಸಿಯಾಯಿತು.

ಅಜ್ಜನವರು ಪೂಜೆಯ ಮಣೆಯನ್ನು ಬದಿಗೆ ಸರಿಸಿ, ಕೂಸನ್ನು ಜಮಖಾನೆಯ ಮೇಲೆ ಮಲಗಿಸಿದರು. ಎಣ್ಣೆ ಸವರಿ, ಅವಳ ಎರಡೂ ಅಂಗಾಲುಗಳನ್ನು ಎತ್ತಿ ಲಿಂಗ ಧರಿಸಿದ ತಮ್ಮ ಎದೆಗೆ ಆನಿಸಿಕೊಂಡರು. "ಶಿವಶಿವಾ, ಅಪಚಾರ ಆತು!" ಎಂದು ಹಿರಿಯರೊಬ್ಬರು ಚೀರಿದರು. ಅಜ್ಜನವರಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಮೊಣಕಾಲಿನ ಕೆಳಗೆ ಅಂಗೈ ಇಟ್ಟು, ಎಳೆಯದೆ, ಒತ್ತದೆ, ಸುಮ್ಮನೆ ಕಾದರು. ಬಹಳ ಹೊತ್ತಿನ ಮೇಲೆ ಮೊಣಕಾಲು ತಾನಾಗಿ ಸಡಿಲಿತು, ಮಡಚಿತು. ಮರುಕ್ಷಣವೇ ನೀಲವ್ವ ಅವರ ಎದೆಗೆ ಬಲವಾಗಿ ಒದ್ದಳು!

ಅಜ್ಜನವರು ನಕ್ಕು, "ಇನ್ನೊಮ್ಮಿ ಒದಿಯವ್ವಾ," ಎಂದರು.

ಗಾಬರಿಯಾದ ಮಾಸ್ತರರು ಮಗಳ ಕಾಲು ಹಿಡಿಯಲು ಕೈ ಚಾಚಿದರು. ಕೈ ಇನ್ನೂ ತಾಗಿರಲಿಲ್ಲ. ಅಷ್ಟರಲ್ಲೇ ಆ ಕಾಲುಗಳು ಒನಕೆಯ ಹಾಗೆ ಸೆಟೆದವು, ಮುಖ ಕಿವುಚಿಕೊಂಡಿತು. ಎಲ್ಲರೂ ಕಂಡೆವು. ಮಾಸ್ತರರೂ ಕಂಡರು.

"ನೀ ಎಳೀತಿ, ಮಾಸ್ತರ. ಆಕಿ ಅಂಜಿ ಬಿಗೀತಾಳ," ಎಂದರು ಅಜ್ಜನವರು.

ಮಾಸ್ತರರು "ನಾನೇನ್ರಿ?" ಎಂದವರೇ ಅಜ್ಜನವರ ಪಾದಕ್ಕೆ ಬಿದ್ದರು. ಅಜ್ಜನವರು ಕಾಲು ಹಿಂದಕ್ಕೆಳೆದುಕೊಂಡು, "ನನ್ನವು ಬ್ಯಾಡ. ಆಕೀವು ಹಿಡಿ. ಎಣಿಸಬ್ಯಾಡ," ಎಂದರು.

ಮಾಸ್ತರರು ಮಗಳ ಪಾದಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರು. ನಮ್ಮ ಆರತಿ ಆರಿತು, ಪೂಜೆಯ ಹೊತ್ತು ಮೀರಿತು, ಯಾರೂ ಕದಲಲಿಲ್ಲ. ಕಡೆಗೆ ಒಂದು ಪುಟ್ಟ ಪಾದ ಮೆತ್ತಗಾಗಿ ಅವರ ಅಂಗೈಯನ್ನು ಮೆಲ್ಲಗೆ ಒತ್ತಿತು. ಸಾಲುಸಾಲು ಹುಡುಗರನ್ನು ಗದರಿಸಿ ನಿಲ್ಲಿಸುವ ಆ ಮನುಷ್ಯ ಬಿಕ್ಕಿಬಿಕ್ಕಿ ಅತ್ತರು.

"ಅಜ್ಜಾರ, ನಾಳೆ ಎಷ್ಟೊತ್ತಿಗೆ ಕರಕೊಂಡು ಬರ್ಲಿ?"

"ಆಕೀನ್ನ ಕೇಳು."

ಮಾಸ್ತರರು ಮಗಳ ಮುಖದ ಹತ್ತಿರ ಬಾಗಿ ಕೇಳಿದರು: "ನೀಲವ್ವಾ, ನಾಳೆ ಬರೂಣೇನವಾ?"