ತುಡುವೆಗೂಡಿಗೆ ಬಂದ ಪರದೇಶಿ

ಕಡಲಾಚೆಯಿಂದ ತಂದ ಕುಲದ ಒಂದು ಜೇನುನೊಣ, ತನ್ನನ್ನು ಸಾಕಿದ್ದ ಜೇನುಪೆಟ್ಟಿಗೆ ಬೆಂಕಿಗೆ ಆಹುತಿಯಾದ ಮೇಲೆ, ಹುಣಸೆಮರದ ಪೊಟರೆಯಲ್ಲಿದ್ದ ತುಡುವೆಜೇನಿನ ಗೂಡಿಗೆ ಬಂತು. ಗೂಡಿಲ್ಲದ ಜೇನಿಗೆ ಭಗವಂತ ಆಯುಸ್ಸು ಬರೆದಿಲ್ಲ.

“ಯಾರವ್ವ ನೀನು, ಇಷ್ಟು ದಪ್ಪ?” ಎಂದಿತು ಬಾಗಿಲು ಕಾಯುವ ಮುದಿ ತುಡುವೆ.

“ದುಡಿಯುವವಳು ತಾಯಿ. ಒಂದು ಮೂಲೆ ಕೊಡಿ.”

ಕೊಟ್ಟವು. ಅದು ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ಮರಳುತ್ತಿತ್ತು. ಹೂವಿರುವ ಕಡೆಯನ್ನು ಜೇನುಗಳು ಕುಣಿದೇ ತಿಳಿಸಬೇಕಷ್ಟೆ; ಅದು ತನ್ನ ದೇಶದ ರೀತಿಯಲ್ಲಿ ಕುಣಿದರೆ ಗೂಡೆಲ್ಲ ನಗುತ್ತಿತ್ತು.

“ಕೋಣ ಕುಣಿದಂತಿದೆ! ಇದು ಹೂವೋ, ಹೊಟ್ಟೆನೋವೋ?”

“ನಮ್ಮಲ್ಲಿ ಏನು ತಂದೆ ಎಂದು ಕೇಳುತ್ತಾರೆ, ಹೇಗೆ ಕುಣಿದೆ ಎಂದಲ್ಲ.”

“ಇಲ್ಲಿ ಮೊದಲು ನಮ್ಮ ಹೆಜ್ಜೆ ಕಲಿ. ನಾಲ್ವರ ಜೊತೆ ಕೂತು ಕಲಿ.”

ಕೂರಲು ಅದಕ್ಕೆ ಮನಸ್ಸಾಗಲಿಲ್ಲ. ದುಡಿಮೆಯ ನಡುವೆಯೇ ಕಲಿತು, ತುಡುವೆಗಳಿಗಿಂತ ಚೆಂದ ಕುಣಿಯಿತು. ಆಗ ಅವು, “ನಮ್ಮ ಹೆಜ್ಜೆಯನ್ನೇ ಕದ್ದಳು ನೋಡಿ,” ಎಂದು ಮುಖ ತಿರುಗಿಸಿದವು.

ಬೇಸಿಗೆಯಲ್ಲಿ ಗೂಡಿಗೆ, ಎರಿಯನ್ನೇ ಕೊರೆದು ತಿನ್ನುವ ಮೇಣದ ಹುಳು ಬಿತ್ತು. ಒಂದು ಸಂಜೆ ಪರದೇಶಿ ಹೊರೆ ಹೊತ್ತು ಬಂದಾಗ ಗೂಡು ಬರಿದಾಗಿತ್ತು. ರೆಕ್ಕೆ ಸೋತ ಮುದಿ ತುಡುವೆ ಮಾತ್ರ ಉಳಿದಿತ್ತು.

“ಎಲ್ಲಿ ಹೋದರು ತಾಯಿ?”

“ಹೊಸ ಗೂಡಿಗೆ. ಎಲ್ಲರೂ ಕೂತು ಮಾತಾಡಿಕೊಂಡರು. ನೀನು ದುಡಿಯಲು ಹೋಗಿದ್ದೆ.”

“ಕರೆಯಬಾರದಿತ್ತೇ?”

“ಯಾರಿಗೂ ನೆನಪಾಗಲಿಲ್ಲ ಮಗಳೇ.”

ಅದು ಹೊರೆ ಇಳಿಸಿತು. ಬರಿದಾದ ಮೇಣದ ಎರಿಯ ಮೇಲೆ ನಿಂತು, ಹೂವು ಎಲ್ಲಿದೆಯೆಂದು ತುಡುವೆಗಳ ಹೆಜ್ಜೆಯಲ್ಲೇ ಕುಣಿದು ತೋರಿಸಿತು.

“ಒಂದು ಹೆಜ್ಜೆಯೂ ತಪ್ಪಲಿಲ್ಲ,” ಎಂದಿತು ಮುದಿ ತುಡುವೆ. “ಸಾಕು, ಮಲಗವ್ವ.”