ಪುಟ್ಟಾಚಾರ್ರು ಹೇಳದ ಅಂಕಿ

ಕಾವೇರಿ ದಂಡೆಯಲ್ಲಿ, ಹಳೇ ಸೇತುವೆಯ ಪಕ್ಕಕ್ಕೆ ಪುಟ್ಟಾಚಾರ್ರ ಗ್ಯಾರೇಜು. ಅದನ್ನು ಆಶ್ರಮ ಎಂದು ಯಾರೂ ಕರೆದಿಲ್ಲ. ಆದರೆ ಅಲ್ಲಿಗೆ ಏನಾದರೂ ಕೇಳಲು ಹೋದವರು ಬೇಗ ಹಿಂತಿರುಗಿದ್ದೂ ಇಲ್ಲ.

ಆಚಾರ್ರು ಒಂದು ಕಾಲಕ್ಕೆ ಕಾರಿನ ಓಟದಲ್ಲಿ ಹೆಸರು ಮಾಡಿದವರು. ಸುತ್ತು ಹೊಡೆಯುವ ಓಟವಲ್ಲ, ಡ್ರ್ಯಾಗ್ ರೇಸು. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ಬಾವುಟ ಬೀಳುತ್ತದೆ, ನೆಟ್ಟಗೆ ಕಾಲು ಮೈಲಿ ಓಡುತ್ತವೆ. ಇಪ್ಪತ್ತು ಸೆಕೆಂಡಿನೊಳಗೆ ಎಲ್ಲ ಮುಗಿದು ಜನ ಟೀ ಕುಡಿಯಲು ಹೊರಡುತ್ತಾರೆ.

ಈಗ ಅವರಿಗೆ ಎಪ್ಪತ್ತೆರಡು. ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ.

ಒಂದು ಬೆಳಿಗ್ಗೆ ಅಲ್ಲಿಗೆ ಚೆಲುವರಾಜ ಬಂದ. ಮೀಸೆ ಮುಂದೆ, ಅವನು ಹಿಂದೆ. ಬಂದವನೇ ಕಾಲಿಗೆ ಬಿದ್ದ.

"ಆಚಾರ್ರೇ, ನಂಗೊಂದು ಅಂಕಿ ಬೇಕು."

"ಯಾವ ಅಂಕಿ?"

"ಗೇರು ಬದಲಾಯಿಸೋ ಅಂಕಿ. ಮೀಟರಿನ ಮುಳ್ಳು ಎಷ್ಟಕ್ಕೆ ಬಂದಾಗ ಫಸ್ಟಿಂದ ಸೆಕೆಂಡಿಗೆ ಹಾಕ್ಬೇಕು, ಎಷ್ಟಕ್ಕೆ ಬಂದಾಗ ಥರ್ಡಿಗೆ ಹಾಕ್ಬೇಕು. ಅದು ನಿಮಗೆ ಗೊತ್ತು ಅಂತ ಎಲ್ರೂ ಹೇಳ್ತಾರೆ."

"ಈಗ ಎಷ್ಟಕ್ಕೆ ಹಾಕ್ತಾ ಇದೀಯ?"

"ಮುಳ್ಳು ಕೆಂಪು ಗೆರೆ ಮುಟ್ಟಿ, ಇಂಜಿನ್ನು ಕೆಮ್ಮೋಕೆ ಶುರು ಮಾಡಿದ್ಮೇಲೆ."

"ಯಾಕೆ ಅಲ್ಲಿತನಕ?"

ಚೆಲುವರಾಜ ಸ್ವಲ್ಪ ಯೋಚಿಸಿದ. "ಅಲ್ಲಿ ಸದ್ದು ಚೆನ್ನಾಗಿರುತ್ತೆ."

"ಹಾಗಾದ್ರೆ ಸದ್ದಿನ ಪಂದ್ಯಕ್ಕೆ ಹೋಗು. ಗೆಲ್ತೀಯ."

ಚೆಲುವರಾಜ ಏಳಲಿಲ್ಲ. ನೆಲದ ಮೇಲೆ ಕೂತೇ ತನ್ನ ಕಷ್ಟ ಹೇಳಿಕೊಂಡ. ಊರಾಚೆ ಪಾಳುಬಿದ್ದ ಏರ್‌ಸ್ಟ್ರಿಪ್ಪಿನಲ್ಲಿ ಕಾರ್ ಕ್ಲಬ್ಬಿನವರು ವರ್ಷಕ್ಕೊಮ್ಮೆ ಓಟ ನಡೆಸುತ್ತಾರೆ. ಮೂರು ವರ್ಷದಿಂದ ಅವನು ಧರಣೇಂದ್ರ ಎಂಬವನ ಕಾರಿನ ಹಿಂದೆಯೇ ಉಳಿದಿದ್ದಾನೆ. ಮೂರನೇ ಸಲ ಸೋತ ದಿನ ಟೀ ಅಂಗಡಿಯಲ್ಲಿ, ಇಪ್ಪತ್ತು ಜನರ ಎದುರಿಗೆ, ಬಾಯಿ ಜಾರಿತು. ಮುಂದಿನ ಸಲ ಸೋತರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದುಬಿಟ್ಟ.

"ಬೋಳಿಸ್ಕೋ. ಮತ್ತೆ ಬರುತ್ತೆ," ಎಂದರು ಆಚಾರ್ರು.

"ಓಟ ಆಗಿ ಇಪ್ಪತ್ತು ದಿನಕ್ಕೆ ನನ್ನ ಮದುವೆ, ಆಚಾರ್ರೇ. ವಿನುತ ಅಂತ ಹುಡುಗಿ. ಫೋಟೋದಲ್ಲಿ ಈ ಮೀಸೆ ನೋಡೇ ಹ್ಞೂಂ ಅಂದದ್ದು. ಅವಳೇ ಬಾಯಿಬಿಟ್ಟು ಹೇಳಿದಾಳೆ."

ಆಚಾರ್ರು ಮೀಸೆಯನ್ನು ಒಮ್ಮೆ ನೋಡಿದರು. ಮೂರು ವರ್ಷ ಎಣ್ಣೆ ಕುಡಿದು ಬೆಳೆದ ಮೀಸೆ ಅದು. ಆ ಹುಡುಗಿಯದು ತಪ್ಪೇನೂ ಇಲ್ಲ ಎನ್ನಿಸಿರಬೇಕು.

"ಹೊಳೆಯಿಂದ ಒಂದು ಬಕೆಟ್ ನೀರು ತಗೊಂಡ್ ಬಾ," ಎಂದರು.

ಹೊಳೆಯಿಂದ ಗ್ಯಾರೇಜಿಗೆ ನಲವತ್ತೆಂಟು ಮೆಟ್ಟಿಲು. ಚೆಲುವರಾಜ ನೀರು ತಂದಿಟ್ಟು ಕೈಕಟ್ಟಿ ನಿಂತ.

"ಈಗ ಹೇಳಿ ಆಚಾರ್ರೇ."

"ನಾಳೆಯೂ ತಗೊಂಡ್ ಬಾ."

ಹೀಗೆ ಹತ್ತು ದಿನ ನಡೆಯಿತು. ಓಟಕ್ಕೆ ಮೂರು ತಿಂಗಳಿತ್ತು, ಅದರಲ್ಲಿ ಹತ್ತು ದಿನ ನೀರು ಹೊರುವುದಕ್ಕೇ ಹೋಯಿತಲ್ಲ ಎಂದು ಚೆಲುವರಾಜನ ಹೊಟ್ಟೆ ಉರಿಯಿತು. ಮುದುಕ ಗುಟ್ಟು ಬಿಡುವ ಪೈಕಿ ಅಲ್ಲ, ಗುಟ್ಟನ್ನು ನಾನೇ ಹುಡುಕಿಕೊಳ್ಳಬೇಕು ಎಂದು ನಿರ್ಧರಿಸಿದ.

ಗ್ಯಾರೇಜಿನ ಹಿಂದೆ, ಟಾರ್ಪಾಲಿನ ಕೆಳಗೆ, ಆಚಾರ್ರು ಗೆದ್ದ ಕಾಲದ ಕಾರು ನಿಂತಿತ್ತು. ಒಂದು ಮಧ್ಯಾಹ್ನ ಅವರು ಊಟ ಮಾಡಿ ಮಲಗಿದ್ದಾಗ ಚೆಲುವರಾಜ ಟಾರ್ಪಾಲು ಎತ್ತಿ ಒಳಗೆ ನುಸುಳಿದ. ಇಂಜಿನ್ನಿನ ವೇಗ ತೋರಿಸುವ ಮೀಟರಿನ ಗಾಜನ್ನು ನೋಡಿದ. 

ಗಾಜಿನ ಮೇಲೆ, ನಾಲ್ಕು ಸಾವಿರಕ್ಕೂ ಐದು ಸಾವಿರಕ್ಕೂ ಸರಿಯಾಗಿ ನಡುವೆ, ಒಂದು ಕೆಂಪು ಬೊಟ್ಟು.

ಸಿಕ್ಕಿತು, ನಾಲ್ಕೂವರೆ ಸಾವಿರ. ಕೆಂಪು ಗೆರೆ ಇನ್ನೂ ಎರಡು ಸಾವಿರ ದೂರ ಇರುವಾಗಲೇ ಬದಲಿಸಬೇಕು. ಇದು ಸಾಮಾನ್ಯರಿಗೆ ಹೊಳೆಯುವ ವಿಷಯವೇ ಅಲ್ಲ ಎಂದುಕೊಂಡು ಚೆಲುವರಾಜ ಮಲಗಿದ್ದ ಗುರುವಿಗೆ ದೂರದಿಂದಲೇ ಕೈಮುಗಿದ. ತನ್ನ ಕಾರಿನ ಮೀಟರಿನ ಮೇಲೆ ಅದೇ ಜಾಗಕ್ಕೆ ಕೆಂಪು ಬಣ್ಣದಲ್ಲಿ ಒಂದು ಬೊಟ್ಟು ಇಟ್ಟುಕೊಂಡ.

ಭಾನುವಾರ ಕ್ಲಬ್ಬಿನವರು ಅಭ್ಯಾಸಕ್ಕೆ ಬಿಡುತ್ತಿದ್ದರು. ಚೆಲುವರಾಜ ಬೊಟ್ಟಿಗೆ ಮುಳ್ಳು ತಾಗಿದ ಕೂಡಲೇ ಗೇರು ಹಾಕಿದ. ಕಾರು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಮುಂದಕ್ಕೆ ಹೋಯಿತು. ಮೊದಲು ಹದಿನೆಂಟೂವರೆ ಸೆಕೆಂಡಿಗೆ ಮುಗಿಯುತ್ತಿದ್ದ ಓಟ ಈಗ ಹತ್ತೊಂಬತ್ತು ದಾಟಿತು.

ನನ್ನ ಭಕ್ತಿ ಸಾಲದು ಎಂದು ಅವನಿಗೆ ಅನ್ನಿಸಿತು. ಇನ್ನೂ ನಾಲ್ಕು ಸಲ ಓಡಿಸಿದ. ನಾಲ್ಕು ಸಲವೂ ಹತ್ತೊಂಬತ್ತರ ಮೇಲೆಯೇ ಬಂತು.

ಸೋಮವಾರ ಆಚಾರ್ರು ಅವನ ಕಾರಿನ ಕಿಟಕಿಯಲ್ಲಿ ತಲೆ ಹಾಕಿದರು.

"ಇದೇನಯ್ಯ ಬೊಟ್ಟು?"

ಚೆಲುವರಾಜ ತಲೆ ತಗ್ಗಿಸಿದ. "ತಪ್ಪಾಯ್ತು ಆಚಾರ್ರೇ. ನಿಮ್ಮ ಕಾರಲ್ಲಿ ಕದ್ದು ನೋಡ್ಬಿಟ್ಟೆ. ನಿಮ್ಮ ಗುರುತಿನ ಮೇಲೇ ಓಡಿಸ್ತಾ ಇದೀನಿ. ಯಾಕೋ ಕೈಗೆ ಹತ್ತುತಾ ಇಲ್ಲ."

ಆಚಾರ್ರು ಹಿತ್ತಲ ಕಡೆ ತಿರುಗಿ ಹೆಂಡತಿಯನ್ನು ಕರೆದರು. ಸಾಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ನನ್ನ ಕಾರಿನ ಮೀಟರ್ ಮೇಲೆ ಬೊಟ್ಟು ಯಾರೇ ಇಟ್ಟಿದ್ದು?"

"ನಾನೇ. ಆಯುಧಪೂಜೆ ದಿನ. ಸ್ಟೇರಿಂಗಿಗೆ ಕುಂಕುಮ ಇಡೋಕೆ ಹೋದೆ, ಕೈ ಜಾರಿ ಗಾಜಿಗೆ ಬಿತ್ತು. ಯಾಕೆ?"

ಆಚಾರ್ರು ಕಾರಿನ ಕಡೆ ಬೆರಳು ತೋರಿಸಿದರು. ಸಾಕಮ್ಮ ಚೆಲುವರಾಜನ ಮೀಟರನ್ನು ಬಗ್ಗಿ ನೋಡಿದರು. ವಿಷಯ ಅರ್ಥವಾಗಿ ಕಂಬ ಹಿಡಿದುಕೊಂಡು ನಗತೊಡಗಿದರು.

"ಜಾಕಿಗೂ ಇಟ್ಟಿದ್ದೆ ಕಣಪ್ಪ, ಬ್ಯಾಟ್ರಿಗೂ ಇಟ್ಟಿದ್ದೆ. ಬಚ್ಚಲ ಹಂಡೆಗೂ ಇಟ್ಟಿದ್ದೆ. ಅದು ಎಷ್ಟು ಸ್ಪೀಡಿಗೆ ಹೋಗುತ್ತೆ ಅಂತ ನೋಡ್ಕೊಂಡು ಹೋಗು."

ಚೆಲುವರಾಜನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಗು ನಿಂತ ಮೇಲೆ ಸಾಕಮ್ಮನಿಗೆ ಪಾಪ ಎನ್ನಿಸಿ ಒಳಗಿಂದ ಮಜ್ಜಿಗೆ ತಂದು ಕೊಟ್ಟರು.

ಅವನು ಮಜ್ಜಿಗೆ ಕುಡಿದು, ಉಗುರಿನಿಂದ ಬೊಟ್ಟು ಕೆರೆದು ತೆಗೆದ. ಆಮೇಲೆ ಯಾರೂ ಹೇಳದಿದ್ದರೂ ಬಕೆಟ್ ತೆಗೆದುಕೊಂಡು ಹೊಳೆಗೆ ಇಳಿದ.

ಈ ಸಲ ಆಚಾರ್ರು ಮೇಲಿನ ಮೆಟ್ಟಿಲ ಮೇಲೆ ಬಂದು ಕೂತರು.

ಚೆಲುವರಾಜ ಎಂದಿನಂತೆ ಬಲಗೈಯಲ್ಲಿ ಬಕೆಟ್ ಹಿಡಿದು ಹತ್ತಿದ. ಬೆರಳು ಬಿಟ್ಟುಕೊಳ್ಳುವತನಕ ಬಲಗೈಯಲ್ಲೇ ಹೊತ್ತು, ಇನ್ನಾಗದು ಎನ್ನುವಾಗ ದಡಬಡ ಎಡಗೈಗೆ ಬದಲಿಸಿದ. ಅರ್ಧ ನೀರು ಪ್ಯಾಂಟಿನ ಮೇಲೆ ಬಿತ್ತು.

"ಬಲಗೈ ಯಾವಾಗ ಬಿಟ್ಟೆ?"

"ಸತ್ತು ಹೋದ್ಮೇಲೆ."

"ಹೋಗು, ಇನ್ನೊಂದು ತಗೊಂಡ್ ಬಾ."

ಎರಡನೇ ಸಲ ಅವನು ಜಾಣನಾದ. ಕೈ ಸೋಲುವುದೇ ಬೇಡ ಎಂದು ಎರಡೆರಡು ಮೆಟ್ಟಿಲಿಗೆ ಕೈ ಬದಲಿಸುತ್ತ ಬಂದ. ನೀರು ಒಂದು ಹನಿಯೂ ಚೆಲ್ಲಲಿಲ್ಲ. ಆದರೆ ಅವನು ಮೇಲೆ ಬರುವಷ್ಟರಲ್ಲಿ ಆಚಾರ್ರು ಒಂದು ಸಲ ಎಲೆಯಡಿಕೆ ಹಾಕಿ, ಉಗಿದು, ಇನ್ನೊಂದಕ್ಕೆ ಸುಣ್ಣ ಹಚ್ಚುತ್ತಿದ್ದರು.

"ಕೈ ನೊಂದಿತೇನಯ್ಯ?"

"ಇಲ್ಲ."

"ಅದಕ್ಕೆ ಕೆಲಸ ಕೊಟ್ಟಿದ್ರೆ ತಾನೇ. ಇನ್ನೊಂದು ತಗೊಂಡ್ ಬಾ."

ಏಳನೇ ಬಕೆಟ್ಟಿಗೆ ಚೆಲುವರಾಜನಿಗೆ ಸಿಟ್ಟು ಬಂದಿತ್ತು. ಎಂಟನೆಯದಕ್ಕೆ ಸಿಟ್ಟು ಮಾಡಲೂ ಶಕ್ತಿ ಉಳಿದಿರಲಿಲ್ಲ. ಯಾರನ್ನೂ ಮೆಚ್ಚಿಸುವ ಗೋಜಿಲ್ಲದೆ ಸುಮ್ಮನೆ ಹೊತ್ತುಕೊಂಡು ಬಂದ. ಬಂದು ಇಟ್ಟಾಗ ಬಕೆಟ್ ತುಂಬಿತ್ತು, ಮತ್ತು ಆಚಾರ್ರ ಬಾಯಲ್ಲಿ ಎಲೆ ಇನ್ನೂ ಕೆಂಪಗಾಗಿರಲಿಲ್ಲ.

"ಎಲ್ಲಿ ಬದಲಾಯಿಸಿದೆ?"

"ಇಪ್ಪತ್ತನೇ ಮೆಟ್ಟಿಲಲ್ಲಿ."

"ಬಲಗೈ ಸೋತಿತ್ತಾ?"

"ಇಲ್ಲ, ಇನ್ನೂ ಹೊರ್ತಾ ಇತ್ತು. ಆದ್ರೆ ಇನ್ಮೇಲೆ ಎಡಗೈ ಇದಕ್ಕಿಂತ ಚೆನ್ನಾಗಿ ಹೊರುತ್ತೆ ಅನ್ನಿಸ್ತು."

"ಎರಡನೇ ಸಲ?"

"ಮೂವತ್ತೈದರಲ್ಲಿ."

"ಮೊದಲು ಇಪ್ಪತ್ತು ಮೆಟ್ಟಿಲು ಹೊತ್ತೆ. ಆಮೇಲೆ ಹದಿನೈದೇ ಯಾಕೆ? ಅಂಕಿ ಅಂದ್ರೆ ಒಂದೇ ಇರ್ಬೇಕು ತಾನೇ?"

ಚೆಲುವರಾಜ ತನ್ನ ಎರಡು ಕೈಗಳನ್ನೂ ನೋಡಿಕೊಂಡ.

"ಎಡಗೈ ಬೇರೆ ಕೈ, ಆಚಾರ್ರೇ."

ಆಚಾರ್ರು ಎದ್ದು ಪಂಚೆ ಕೊಡವಿದರು. "ಕಾರು ತೆಗಿ," ಎಂದರು.

ಆಮೇಲಿನ ಭಾನುವಾರಗಳೆಲ್ಲ ಏರ್‌ಸ್ಟ್ರಿಪ್ಪಿನಲ್ಲೇ ಕಳೆದವು. ಆಚಾರ್ರು ಒಂದು ಹಳೇ ನೋಟ್‌ಬುಕ್ ಕೊಟ್ಟರು. ಒಂದು ಜಾಗದಲ್ಲಿ ಗೇರು ಬದಲಿಸಿ ಮೂರು ಸಲ ಓಡಬೇಕು, ಸಮಯ ಬರೆಯಬೇಕು. ಆಮೇಲೆ ಮುಳ್ಳನ್ನು ಇನ್ನೂರು ಕೆಳಗೋ ಮೇಲೋ ಇಟ್ಟುಕೊಂಡು ಮತ್ತೆ ಮೂರು ಸಲ ಓಡಬೇಕು. ಮೊದಲನೇ ಗೇರು ಇತ್ಯರ್ಥವಾಗುವತನಕ ಎರಡನೆಯದನ್ನು ಮುಟ್ಟುವಂತಿಲ್ಲ.

"ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು. ಇಲ್ದಿದ್ರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ."

ಒಂದು ಭಾನುವಾರ ಸಮಯ ಇದ್ದಕ್ಕಿದ್ದಂತೆ ಚೆನ್ನಾಗಿ ಬಂತು. ಆಚಾರ್ರಿಗೆ ಅನುಮಾನ ಬಂತು.

"ಏನೇನು ಬದಲಾಯಿಸಿದೆ?"

"ಗೇರು ಬಿಡೋ ಜಾಗ ಒಂದೇ."

"ಮತ್ತೆ?"

"ಸ್ಟೆಪ್ನಿ ಇಳಿಸಿದೆ."

"ಮತ್ತೆ?"

"ನಿನ್ನೆಯಿಂದ ಊಟ ಮಾಡಿಲ್ಲ. ತೂಕ ಕಮ್ಮಿ ಆಗ್ಲಿ ಅಂತ."

ಆಚಾರ್ರು ಆ ಪುಟವನ್ನೇ ಹರಿದು ಹಾಕಿದರು. "ಹೋಗಿ ಇಡ್ಲಿ ತಿನ್ಕೊಂಡ್ ಬಾ. ಸ್ಟೆಪ್ನಿನೂ ಹಾಕ್ಕೊಂಡ್ ಬಾ."

ನೋಟ್‌ಬುಕ್ ತುಂಬುತ್ತ ಬಂದ ಹಾಗೆ ವಿಷಯ ತಾನಾಗಿಯೇ ತಿಳಿಯಿತು. ಮೊದಲನೇ ಗೇರನ್ನು ಆರು ಸಾವಿರದ ಮುನ್ನೂರರ ತನಕ ಎಳೆದರೆ ಲಾಭ. ಎರಡನೆಯದನ್ನು ಅಷ್ಟು ಎಳೆದರೆ ನಷ್ಟ, ಆರು ಸಾವಿರಕ್ಕೆ ಬಿಟ್ಟುಬಿಡಬೇಕು. ಈ ಎರಡು ಅಂಕಿಗಳನ್ನು ಆಚಾರ್ರು ಹೇಳಲಿಲ್ಲ. ಚೆಲುವರಾಜ ಓದಿ ತೋರಿಸಿದಾಗ ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಸಾಕಮ್ಮ ಮಾತ್ರ, "ಈಗ ಬೇಕಾದ್ರೆ ಕುಂಕುಮ ಇಡ್ತೀನಿ, ಜಾಗ ತೋರ್ಸು," ಎಂದರು.

ಓಟದ ದಿನ ಬಂತು. ಬಾವುಟ ಬಿತ್ತು.

ಚೆಲುವರಾಜ ಅಷ್ಟು ಚೆನ್ನಾಗಿ ಯಾವತ್ತೂ ಓಡಿಸಿರಲಿಲ್ಲ. ಎರಡೂ ಗೇರು ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದವು. ಇಂಜಿನ್ನು ಒಂದು ಸಲವೂ ಕೆಮ್ಮಲಿಲ್ಲ. ಹದಿನೇಳು ಪಾಯಿಂಟ್ ಎಂಟು ಸೆಕೆಂಡು. ಅವನ ಜೀವಮಾನದಲ್ಲೇ ಕಾಣದ ಸಮಯ ಅದು.

ಧರಣೇಂದ್ರನದು ಹದಿನೇಳು ಪಾಯಿಂಟ್ ಏಳು.

ಸೋಲು ಸೋಲೇ. ಚೆಲುವರಾಜ ಕಾರು ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಒತ್ತಿ ಕೂತ. ಅಳು ಬಂತು, ಸ್ವಲ್ಪ ಅತ್ತ. ಆಚಾರ್ರು ಕಿಟಕಿಯ ಬಳಿ ಬಂದು ನಿಂತರು.

ಧರಣೇಂದ್ರನೇ ಓಡಿ ಬಂದ. ಅವನ ಮುಖ ಬೆವರಿತ್ತು.

"ಏನ್ ಓಡಿಸ್ತೀಯೋ ಮಾರಾಯ, ಹೆದರಿಸ್ಬಿಟ್ಟೆ ನನ್ನ. ನನ್ನದು ನಿಂದಕ್ಕಿಂತ ದೊಡ್ಡ ಇಂಜಿನ್ನು, ಆದ್ರೂ ಮೂಗಿನಷ್ಟರಲ್ಲಿ ಬಚಾವಾದೆ. ಆ ಮೀಸೆ ವಿಷ್ಯ ಬಿಟ್ಹಾಕು. ಟೀ ಕುಡೀತಾ ಆಡಿದ ಮಾತು ಅದು, ಯಾರಿಗೂ ನೆನಪಿಲ್ಲ."

"ನನಗೆ ನೆನಪಿದೆ," ಎಂದ ಚೆಲುವರಾಜ.

ಏರ್‌ಸ್ಟ್ರಿಪ್ಪಿನ ಗೇಟಿನ ಎದುರಿಗೇ ಒಂದು ಕ್ಷೌರದಂಗಡಿ ಇತ್ತು. ಅವನು ನೇರ ಅಲ್ಲಿಗೆ ಹೋಗಿ ಕುರ್ಚಿಯಲ್ಲಿ ಕೂತ. ಅಂಗಡಿಯವನು ಕತ್ತರಿ ಹಿಡಿದು ಎರಡು ಸಲ ಕೇಳಿದ, ನಿಜವಾಗಿಯೂ ತೆಗೆಯಲಾ ಎಂದು. ಎರಡು ಸಲವೂ ಚೆಲುವರಾಜ ತೆಗಿ ಎಂದ.

ಅಲ್ಲಿಂದ ಐದು ನಿಮಿಷದ ದಾರಿ ಗ್ಯಾರೇಜು. ಆಚಾರ್ರು ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಚೆಲುವರಾಜ ಪಕ್ಕದಲ್ಲಿ ಕೂತ. ಬಾಯಿಯ ಮೇಲೆ ಗಾಳಿ ಆಡಿ ಅವನಿಗೆ ಏನೋ ಬಟ್ಟೆ ಬಿಚ್ಚಿ ಕೂತಂತಾಗುತ್ತಿತ್ತು.

ಸಾಕಮ್ಮ ಟೀ ಹಿಡಿದು ಬಂದರು. "ಯಾರಪ್ಪ ನೀನು, ಚೆಲುವರಾಜನ ತಮ್ಮನಾ?" ಎಂದರು. ಆಮೇಲೆ ಗುರುತು ಹಿಡಿದು, ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಒಂದು ಟೀ ಮುಗಿಯಿತು, ಇನ್ನೊಂದು ಬಂತು. ಹೀಗೇ ಇಪ್ಪತ್ತು ನಿಮಿಷ ಕಳೆಯಿತು. ಚೆಲುವರಾಜ ಫೋನನ್ನು ಜೇಬಿನಿಂದ ತೆಗೆದ, ನೋಡಿದ, ಮತ್ತೆ ಜೇಬಿಗೆ ಹಾಕಿದ.

"ಆಚಾರ್ರೇ, ಮೀಸೆ ವಿಷ್ಯ ವಿನುತಂಗೆ ಯಾವಾಗ ಹೇಳ್ಲಿ? ಮದುವೆ ಹಿಂದಿನ ದಿನ ಹೇಳಿದ್ರೆ ಸಾಕಲ್ವಾ? ಅಷ್ಟರಲ್ಲಿ ಸ್ವಲ್ಪ ಚಿಗುರಿರುತ್ತೆ."

"ಹಿಂದಿನ ದಿನ ಹೇಳಿದ್ರೆ ಏನಂತಾಳೆ?"

"ಬೈತಾಳೆ. ಜೊತೆಗೆ ಅವರಮ್ಮನೂ ಬೈತಾರೆ."

"ಮಂಟಪದಲ್ಲಿ ಹೇಳಿದ್ರೆ?"

ಚೆಲುವರಾಜ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

"ಇವತ್ತು ಹೇಳಿದ್ರೆ?"

"ಇವತ್ತೂ ಬೈತಾಳೆ. ಅವಳೊಬ್ಬಳೇ ಬೈತಾಳೆ." ಅವನು ಮುಖದಿಂದ ಕೈ ತೆಗೆದ. "ಆಚಾರ್ರೇ, ಮೂರು ತಿಂಗಳಲ್ಲಿ ನೀವು ನನಗೆ ಒಂದು ಅಂಕಿನೂ ಹೇಳ್ಲಿಲ್ಲ. ಇದೊಂದಕ್ಕಾದ್ರೂ ಹೇಳ್ಬಿಡಿ. ಯಾವ ಜಾಗದಲ್ಲಿ ಹೇಳೋದು ಸರಿ?"

ಆಚಾರ್ರು ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು.

"ಆ ಜಾಗ ದಾಟಿ ಇಪ್ಪತ್ತೈದು ನಿಮಿಷ ಆಯ್ತು ಕಣಯ್ಯ."